ಮೀಶಾ ಮೆಂಗೆಲ್‌ಬರ್ಗ್ ಮತ್ತು ಹಾನ್ ಬೆನ್ನಿಂಕ್: ಡಚ್ ತತ್‌ಕ್ಷಣ ಸಂಗೀತದ ಒಂದು ಜೋಡಿ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಸಂಗೀತವು ಹಿಡಿದ ದಾರಿಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಬರವಣಿಗೆ ವಿರಳವಾದುದು. ಇರುವ ಬರವಣಿಗೆಯೂ ಬಹುಮಟ್ಟಿಗೆ ಶಾಸ್ತ್ರೀಯ ಪರಂಪರೆಯ ಮಹಾನ್ ರಚನಕಾರರ ಸುತ್ತ ಸುಳಿದಾಡುತ್ತದೆ. ಬರೆದಿಟ್ಟ ಕೃತಿಯನ್ನೇ ಸಂಗೀತದ ಪ್ರಮಾಣವೆಂದು ಒಪ್ಪದೆ, ವೇದಿಕೆಯ ಮೇಲೆ ಆ ಕ್ಷಣಕ್ಕೆ ಹುಟ್ಟಿ ಆ ಕ್ಷಣಕ್ಕೆ ಮುಗಿಯುವ ನಾದವನ್ನೇ 'ರಚನೆ' ಎಂದು ಸಾಧಿಸಹೊರಟ ಕಲಾವಿದರ ವಿಚಾರ ನಮ್ಮಲ್ಲಿ ಹೆಚ್ಚಾಗಿ ಪ್ರಸ್ತಾಪಗೊಂಡಿಲ್ಲ. ನೆದರ್‌ಲ್ಯಾಂಡ್ಸಿನ ಪಿಯಾನೊವಾದಕ ಮೀಶಾ ಮೆಂಗೆಲ್‌ಬರ್ಗ್ ಮತ್ತು ಡ್ರಮ್ಸ್‌ವಾದಕ ಹಾನ್ ಬೆನ್ನಿಂಕ್ ಅಂಥ ಇಬ್ಬರು. 1960ರ ದಶಕದ ಆರಂಭದಲ್ಲಿ ಜೊತೆಗೂಡಿದ ಇವರು ಸುಮಾರು ಅರ್ಧ ಶತಮಾನ ಕಾಲ ಒಟ್ಟಿಗೆ ನುಡಿಸಿದರು. ಜೋಡಿಗೆಂದು ಪ್ರತ್ಯೇಕ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಜನಪ್ರಿಯತೆಯ ಮುಖ್ಯವಾಹಿನಿಗೆ ಇಳಿಯಲೂ ಇಲ್ಲ. ಆದರೂ ಯುರೋಪಿನ ಮುಕ್ತ ಸಂಗೀತದ ಚರಿತ್ರೆಯನ್ನು ಇವರನ್ನು ಬಿಟ್ಟು ಬರೆಯಲಾಗದು.

ಇವರ ಕುರಿತು ಬರೆಯಹೊರಟವರಿಗೆ ಮೊದಲಲ್ಲೇ ಒಂದು ತೊಡಕು ಎದುರಾಗುತ್ತದೆ. ಮತ್ತೆ ಹಾಗೆಯೇ ನುಡಿಸಲು ಬಾರದ ಸಂಗೀತಕ್ಕೆ ಚರಿತ್ರೆಯೊಂದು ಇರಬಲ್ಲುದೆ? ಇದ್ದರೆ ಅದರ ಆಕರಗಳು ಯಾವುವು? ಈ ಪ್ರಶ್ನೆಯನ್ನು ಬದಿಗಿರಿಸಿ ಕೇವಲ ಜೀವನಚರಿತ್ರೆಯ ವಿವರಗಳನ್ನು ಒದಗಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದಾಗ್ಯೂ ಆ ವಿವರಗಳಲ್ಲಿಯೇ ಪ್ರಶ್ನೆಯ ಬೇರುಗಳಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಮೆಂಗೆಲ್‌ಬರ್ಗ್ ಹುಟ್ಟಿದ್ದು 1935ರ ಜೂನ್ 5ರಂದು, ಇಂದಿನ ಉಕ್ರೇನಿನ ಕೀವ್ ನಗರದಲ್ಲಿ. ತಂದೆ ಕಾರೆಲ್ ಮೆಂಗೆಲ್‌ಬರ್ಗ್ ರಚನಕಾರರೂ ವಾದ್ಯವೃಂದದ ನಿರ್ದೇಶಕರೂ ಆಗಿದ್ದರು, ತಾಯಿ ಹಾರ್ಪ್‌ವಾದಕಿ. ಕುಟುಂಬವು 1938ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಮರಳಿತು. ಕಾರೆಲ್‌ರ ಚಿಕ್ಕಪ್ಪ-ದೊಡ್ಡಪ್ಪಂದಿರ ಸಾಲಿನಲ್ಲಿ ಬರುವ ವಿಲ್ಲೆಮ್ ಮೆಂಗೆಲ್‌ಬರ್ಗ್ 1895ರಿಂದ 1945ರವರೆಗೆ, ಅಂದರೆ ಐವತ್ತು ವರ್ಷಗಳ ಕಾಲ, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌ ವಾದ್ಯವೃಂದದ ಮುಖ್ಯ ನಿರ್ದೇಶಕರಾಗಿದ್ದವರು. ಜರ್ಮನ್ ಆಕ್ರಮಣ ಕಾಲದ ತಮ್ಮ ನಡವಳಿಕೆಗಾಗಿ ಯುದ್ಧಾನಂತರ ನಿಷೇಧಕ್ಕೆ ಒಳಗಾಗಿ, 1951ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡರು. ದೊಡ್ಡ ವಾದ್ಯವೃಂದ, ಅದರ ಗಾಂಭೀರ್ಯ ಮತ್ತು ಅದರ ಅಧಿಕಾರ ಮೀಶಾ ಅವರಿಗೆ ಮನೆತನದಿಂದಲೇ ಬಂದ ವಿಷಯಗಳಾಗಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ಇದು ಪ್ರಸ್ತುತವಾಗುತ್ತದೆ.

ಅವರು ಸ್ವಲ್ಪ ಕಾಲ ವಾಸ್ತುಶಿಲ್ಪವನ್ನು ಅಭ್ಯಸಿಸಿ, ಅದನ್ನು ಕೈಬಿಟ್ಟು, 1958ರಿಂದ 1964ರವರೆಗೆ ಹೇಗ್ ನಗರದ ರಾಜಸಂಸ್ಥಾನದ ಸಂಗೀತ ಶಾಲೆಯಲ್ಲಿ ಕೇಸ್ ಫಾನ್ ಬಾರೆನ್ ಅವರ ಬಳಿ ಸಂಗೀತಶಾಸ್ತ್ರವನ್ನು ಕಲಿತರು. ಇದೇ ಗುರುವಿನ ಬಳಿ ಕಲಿತ ಲೂಯಿ ಆಂದ್ರೀಸೆನ್, ಪೀಟರ್ ಸ್ಖಾಟ್ ಮೊದಲಾದವರು ಮುಂದೆ ಡಚ್ ಸಂಗೀತದ ದಿಕ್ಕನ್ನೇ ಬದಲಿಸಿದರು. ಅಮೆರಿಕದ ಜಾನ್ ಕೇಜ್ ಅವರ ವಿಚಾರಗಳು, ವೇದಿಕೆಯ ಮೇಲಿನ ಯಾವುದೇ ಕ್ರಿಯೆಯನ್ನು ಸಂಗೀತವೆಂದು ಪರಿಭಾವಿಸಿದ ಫ್ಲಕ್ಸಸ್ ಪಂಥದ ಪ್ರಯೋಗಗಳು ಒಂದು ಕಡೆ. ಥೆಲೋನಿಯಸ್ ಮಾಂಕ್, ಡ್ಯೂಕ್ ಎಲಿಂಗ್ಟನ್, ಹರ್ಬಿ ನಿಕೋಲ್ಸ್ ಅವರ ಜಾಸ್ ಇನ್ನೊಂದು ಕಡೆ. ಈ ಎರಡು ಸೆಳೆತಗಳ ನಡುವೆ ಅವರ ಅಭಿರುಚಿ ರೂಪುಗೊಂಡಿತು. ಇವುಗಳನ್ನು ಅವರು ಸಮನ್ವಯಗೊಳಿಸಿದರೆಂದು ಹೇಳುವುದುಂಟು. ಧ್ವನಿಮುದ್ರಿಕೆಗಳನ್ನು ಆಲಿಸಿದರೆ ಹಾಗೆನಿಸುವುದಿಲ್ಲ. ಅವೆರಡೂ ಅವರಲ್ಲಿ ಕೊನೆಯವರೆಗೂ ಜಗಳವಾಡುತ್ತಲೇ ಇದ್ದವು. ಆ ಜಗಳವೇ ಅವರ ಸಂಗೀತದ ಸ್ವಾರಸ್ಯ.

ಬೆನ್ನಿಂಕ್ ಅವರದು ಬೇರೆಯೇ ಹಿನ್ನೆಲೆ. 1942ರ ಏಪ್ರಿಲ್ 17ರಂದು ಆಮ್‌ಸ್ಟರ್‌ಡ್ಯಾಮಿಗೆ ಹತ್ತಿರದ ಜಾನ್‌ಡಾಮಿನಲ್ಲಿ ಹುಟ್ಟಿದ ಅವರ ತಂದೆ ವಾದ್ಯವೃಂದದಲ್ಲಿ ತಾಳವಾದ್ಯಗಾರರಾಗಿದ್ದರು. ಮಗ ಕಲಿತದ್ದು ಚಿತ್ರಕಲೆ ಮತ್ತು ಕರಕುಶಲ ಕಲೆ. ಈ ಶಿಕ್ಷಣ ವ್ಯರ್ಥವಾಗಲಿಲ್ಲ: ಮುಂದೆ ಜೋಡಿಯ ಧ್ವನಿಮುದ್ರಿಕೆಗಳ ಹೊದಿಕೆಗಳಲ್ಲಿ ಬಹುಪಾಲು ಅವರ ಕೈಯಿಂದಲೇ ಮೂಡಿದವು. ಇಪ್ಪತ್ತರ ಹರೆಯದಲ್ಲಿಯೇ ಅವರು, ಹಾಲೆಂಡಿಗೆ ಬರುತ್ತಿದ್ದ ಡೆಕ್ಸ್‌ಟರ್ ಗಾರ್ಡನ್, ಬೆನ್ ವೆಬ್‌ಸ್ಟರ್, ಸಾನಿ ರಾಲಿನ್ಸ್‌ರಂಥ ಅಮೆರಿಕದ ಹಿರಿಯ ವಾದಕರಿಗೆ ಜೊತೆ ನೀಡುವ ಡ್ರಮ್ಸ್‌ವಾದಕರಾಗಿ ಹೆಸರು ಮಾಡಿದ್ದರು. ಸಾಂಪ್ರದಾಯಿಕ ಜಾಸ್‌ನ ಲಯವನ್ನು ಅರಿಯದವರು ಮುಕ್ತ ಸಂಗೀತದ ಮರೆಯಲ್ಲಿ ಅಡಗಿಕೊಳ್ಳುತ್ತಾರೆಂಬ ಆಕ್ಷೇಪ ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಬೆನ್ನಿಂಕ್ ಅವರ ವಿಷಯದಲ್ಲಿ ಅದು ಸಲ್ಲದು.

ಈ ಇಬ್ಬರ ಹೆಸರು ದೇಶದ ಹೊರಗೆ ತಿಳಿದದ್ದು ಒಂದು ಆಕಸ್ಮಿಕದಿಂದ ಎನ್ನಬಹುದು. ಅಮೆರಿಕದ ಖ್ಯಾತ ಸ್ಯಾಕ್ಸೊಫೋನ್ ಮತ್ತು ಕೊಳಲುವಾದಕ ಎರಿಕ್ ಡಾಲ್ಫಿ 1964ರಲ್ಲಿ ಯುರೋಪಿನಲ್ಲಿದ್ದರು. ಜೂನ್ 2ರಂದು ಹಿಲ್ವರ್ಸಮ್ ನಗರದ ರೇಡಿಯೊ ಸ್ಟುಡಿಯೊದಲ್ಲಿ ಮೆಂಗೆಲ್‌ಬರ್ಗ್, ಬೆನ್ನಿಂಕ್ ಮತ್ತು ಬಾಸ್‌ವಾದಕ ಜಾಕ್ ಸ್ಖೋಲ್ಸ್ ಅವರಿಗೆ ಜೊತೆ ನೀಡಿದರು. ಅದೇ ತಿಂಗಳ 29ರಂದು ಡಾಲ್ಫಿ ಬರ್ಲಿನ್ನಿನಲ್ಲಿ ಮಧುಮೇಹದ ತೊಡಕಿನಿಂದ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಹಿಲ್ವರ್ಸಮ್ಮಿನ ಮುದ್ರಣ 'ಲಾಸ್ಟ್ ಡೇಟ್' ಎಂಬ ಹೆಸರಿನಲ್ಲಿ ಹೊರಬಂದು ಜಾಸ್ ಆಸಕ್ತರೆಲ್ಲರ ಸಂಗ್ರಹ ಸೇರಿತು. ಅದರ ಕೊನೆಯಲ್ಲಿ ಡಾಲ್ಫಿಯವರು ಬೇರೊಂದು ಸಂದರ್ಭದಲ್ಲಿ ಆಡಿದ್ದ ಮಾತೊಂದನ್ನು ಸೇರಿಸಲಾಗಿದೆ. ಸಂಗೀತ ಮುಗಿದ ಬಳಿಕ ಗಾಳಿಯಲ್ಲಿ ಲೀನವಾಗುತ್ತದೆ, ಅದನ್ನು ಮತ್ತೆ ಹಿಡಿಯಲಾಗದು ಎಂಬುದು ಅದರ ಅಭಿಪ್ರಾಯ. ಈ ಮಾತು ಧ್ವನಿಮುದ್ರಿಕೆಯಿಂದಲೇ, ಅಂದರೆ ಹಿಡಿದಿಟ್ಟ ನಾದದಿಂದಲೇ, ನಮಗೆ ಕೇಳಿಸುತ್ತದೆ. ಮೆಂಗೆಲ್‌ಬರ್ಗ್-ಬೆನ್ನಿಂಕ್ ಜೋಡಿಯ ಮುಂದಿನ ಬದುಕೆಲ್ಲ ಈ ವೈರುಧ್ಯದ ಒಳಗೇ ಸಾಗಿತು.

ಮೆಂಗೆಲ್‌ಬರ್ಗ್ ಅವರಿಗೆ 1966ರಲ್ಲಿ, ಬೆನ್ನಿಂಕ್ ಅವರಿಗೆ 1967ರಲ್ಲಿ ಡಚ್ ಜಾಸ್ ವಲಯದ ವೆಸೆಲ್ ಇಲ್ಕೆನ್ ಪ್ರಶಸ್ತಿ ದೊರೆಯಿತು. 1966ರಲ್ಲಿಯೇ ಮೆಂಗೆಲ್‌ಬರ್ಗ್ ಅವರ ತಂಡ ಅಮೆರಿಕದ ನ್ಯೂಪೋರ್ಟ್ ಜಾಸ್ ಉತ್ಸವದಲ್ಲಿ ನುಡಿಸಿತು. ಅಮೆರಿಕದ ಶೈಲಿಯನ್ನು ಚೆನ್ನಾಗಿ ಅನುಕರಿಸಬಲ್ಲ ಯುರೋಪಿಯನ್ನರು ಎಂಬ ಕೀರ್ತಿಯೊಂದಿಗೆ ನೆಮ್ಮದಿಯಾಗಿ ಬಾಳುವ ಅವಕಾಶ ಅವರಿಗೆ ಇತ್ತು. ಅದನ್ನು ಬಿಟ್ಟು 1967ರಲ್ಲಿ ಅವರಿಬ್ಬರೂ ಸ್ಯಾಕ್ಸೊಫೋನ್‌ವಾದಕ ವಿಲ್ಲೆಮ್ ಬ್ರೂಕರ್ ಅವರೊಡಗೂಡಿ 'ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್' ಎಂಬ ಸಂಘಟನೆಯನ್ನು ಕಟ್ಟಿದರು. ಸಂಕ್ಷೇಪವಾಗಿ ಐಸಿಪಿ. ತಮ್ಮ ಧ್ವನಿಮುದ್ರಿಕೆಗಳನ್ನು ತಾವೇ ಹೊರತರುವುದು, ಕಚೇರಿಗಳನ್ನು ತಾವೇ ಏರ್ಪಡಿಸುವುದು, ಲಾಭನಷ್ಟಗಳನ್ನು ತಾವೇ ಹಂಚಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಸಂಘಟನೆಯ ಮೊದಲ ಧ್ವನಿಮುದ್ರಿಕೆ ಬ್ರೂಕರ್ ಮತ್ತು ಬೆನ್ನಿಂಕ್ ಅವರದು. ಬ್ರೂಕರ್ 1974ರಲ್ಲಿ ಅಭಿಪ್ರಾಯಭೇದದಿಂದ ಹೊರನಡೆದು ತಮ್ಮದೇ ರಂಗಪ್ರಧಾನ ತಂಡವನ್ನು ಕಟ್ಟಿಕೊಂಡರು. ಉಳಿದವರು ಮೊದಲಿನ ಇಬ್ಬರೇ.

ಸಂಘಟನೆಯ ಹೆಸರಿನಲ್ಲಿರುವ ಪದಗಳನ್ನು ಸ್ವಲ್ಪ ವಿವೇಚಿಸಬೇಕು. 'ಇಂಪ್ರೊವೈಸೇಷನ್' ಎಂಬ ಮಾತು ಪಾಶ್ಚಾತ್ಯ ಸಂಗೀತವಲಯದಲ್ಲಿ ಬಹುಕಾಲ ಕೀಳರಿಮೆಯ ಛಾಯೆಯನ್ನು ಹೊತ್ತುಕೊಂಡೇ ಬಂದಿದೆ: ಸಿದ್ಧತೆಯಿಲ್ಲದ್ದು, ಸಮಯಕ್ಕೆ ಹೇಗೋ ಹೊಂದಿಸಿಕೊಂಡದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಮೆಂಗೆಲ್‌ಬರ್ಗ್ ಅದನ್ನು ಬಿಟ್ಟು 'ತತ್‌ಕ್ಷಣ ರಚನೆ' ಎಂಬ ಮಾತನ್ನು ಹಿಡಿದರು. ಆಯ್ಕೆ, ನಿರಾಕರಣೆ, ಪುನರುಕ್ತಿ, ವಿರಾಮ, ಮುಕ್ತಾಯ ಇವೆಲ್ಲವೂ ಬರೆಯುವ ರಚನಕಾರ ಕೈಗೊಳ್ಳುವ ನಿರ್ಧಾರಗಳು. ನುಡಿಸುವವನೂ ಅವೇ ನಿರ್ಧಾರಗಳನ್ನು ಕೈಗೊಳ್ಳುತ್ತಾನೆ. ಬರೆದುದನ್ನು ಅಳಿಸುವ ಸೌಲಭ್ಯವೊಂದು ಅವನಿಗಿಲ್ಲ. ಆದುದರಿಂದ ಅವನೂ ರಚನಕಾರನೇ. ಇದು ಕೇವಲ ಸೌಂದರ್ಯಶಾಸ್ತ್ರದ ವಾದವಾಗಿರಲಿಲ್ಲ. ಸರ್ಕಾರದ ಅನುದಾನ, ಗೌರವಧನ, ಕೃತಿಸ್ವಾಮ್ಯದ ಹಣ ಇವೆಲ್ಲ ಬರೆಯುವ ರಚನಕಾರರಿಗೂ ದೊಡ್ಡ ವಾದ್ಯವೃಂದಗಳಿಗೂ ಮೀಸಲಾಗಿದ್ದ ವ್ಯವಸ್ಥೆಯಲ್ಲಿ, 'ನಾವೂ ರಚನಕಾರರು' ಎಂಬ ಘೋಷಣೆಯು ಅನ್ನದ ಪ್ರಶ್ನೆಯೂ ಆಗಿತ್ತು.

ಕರ್ನಾಟಕ ಸಂಗೀತದ ಪರಿಚಯವುಳ್ಳ ಓದುಗರಿಗೆ ಇಲ್ಲಿ ಮನೋಧರ್ಮ ಸಂಗೀತದ ನೆನಪಾಗುವುದು ಸಹಜ. ರಾಗಾಲಾಪನೆ, ನೆರವಲು, ಕಲ್ಪನಾಸ್ವರಗಳನ್ನು ನಾವು ಎಂದೂ ಕೃತಿಗಿಂತ ಕೀಳೆಂದು ಎಣಿಸಿದವರಲ್ಲ. ಆದರೆ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ನಮ್ಮಲ್ಲಿ ರಾಗದ ಲಕ್ಷಣವೂ ತಾಳದ ಆವರ್ತವೂ ಕಲಾವಿದನಿಗೂ ಕೇಳುಗನಿಗೂ ಸಮಾನವಾದ ಒಪ್ಪಂದದಂತಿರುತ್ತವೆ. ಕಲಾವಿದನ ಸ್ವಾತಂತ್ರ್ಯವನ್ನು ಅಳೆಯುವುದೇ ಆ ಒಪ್ಪಂದದ ಒಳಗಿನಿಂದ. ಡಚ್ ಜೋಡಿಯ ಕಚೇರಿಯಲ್ಲಿ ಅಂಥ ಪೂರ್ವನಿಶ್ಚಿತ ಚೌಕಟ್ಟು ಇರುತ್ತಿರಲಿಲ್ಲ. ಆದರೆ ಅಭ್ಯಾಸಗಳಿದ್ದವು, ನೆನಪಿನಲ್ಲಿ ಉಳಿದ ರಾಗಧಾಟಿಗಳಿದ್ದವು, ಪರಸ್ಪರರ ದೌರ್ಬಲ್ಯಗಳ ಆಳವಾದ ಪರಿಚಯವಿತ್ತು. ಆಮ್‌ಸ್ಟರ್‌ಡ್ಯಾಮಿಗೂ ನಮ್ಮ ಲಯಶಾಸ್ತ್ರಕ್ಕೂ ನೇರ ಸಂಬಂಧ ಏರ್ಪಟ್ಟದ್ದು ಬೇರೊಂದು ದಾರಿಯಲ್ಲಿ: ಬೆಂಗಳೂರಿನ ಜಾಹ್ನವಿ ಜಯಪ್ರಕಾಶ್ ಅವರ ಬಳಿ ಕಲಿತ ಸ್ಪೇನಿನ ರಚನಕಾರ ರಫಾಯೆಲ್ ರೇನಾ ಅಲ್ಲಿನ ಸಂಗೀತಶಾಲೆಯಲ್ಲಿ ಕರ್ನಾಟಕ ಸಂಗೀತದ ಲಯತಂತ್ರಗಳನ್ನು ಬೋಧಿಸಿದರು. ಅದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಮೆಂಗೆಲ್‌ಬರ್ಗ್ ಅವರ ವಲಯಕ್ಕೂ ಅದಕ್ಕೂ ನಂಟು ಕಲ್ಪಿಸುವುದು ಸರಿಯಲ್ಲ.

ಜೋಡಿಯ ವಾದನಕ್ರಮವನ್ನು ಇನ್ನು ನೋಡಬಹುದು. ಬೆನ್ನಿಂಕ್ ಎತ್ತರದ ಆಳು. ಅವರ ವಾದನವೂ ಅಷ್ಟೇ ದೊಡ್ಡದು. ಡ್ರಮ್ಸ್ ಸಾಲದೆಂಬಂತೆ ವೇದಿಕೆಯ ನೆಲ, ಗೋಡೆ, ಕುರ್ಚಿ, ಡಬ್ಬ, ಪೀಟ್ಸಾದ ರಟ್ಟಿನ ಪೆಟ್ಟಿಗೆ ಎಲ್ಲವೂ ಅವರಿಗೆ ತಾಳವಾದ್ಯಗಳೇ. ಕಾಲನ್ನೆತ್ತಿ ಹಿಮ್ಮಡಿಯನ್ನು ಡ್ರಮ್ಮಿನ ಚರ್ಮದ ಮೇಲೊತ್ತಿ ಶ್ರುತಿಯನ್ನು ಏರಿಳಿಸುವುದು ಅವರ ಪ್ರಸಿದ್ಧ ತಂತ್ರ. 1970ರ ದಶಕದಲ್ಲಿ ಅವರು ಟಿಬೆಟ್ಟಿನ ದುಂಗ್ ಕಹಳೆ, ಲಾವೋಸಿನ ಖೇನ್ ಎಂಬ ಬಿದಿರಿನ ಊದುವಾದ್ಯ, ತಾವೇ ಮಾಡಿಕೊಂಡ ತಗಡಿನ ಸಾಮಾನುಗಳು ಇತ್ಯಾದಿಗಳನ್ನು ವೇದಿಕೆಯ ತುಂಬ ಹರಡಿಕೊಳ್ಳುತ್ತಿದ್ದರು. ಜರ್ಮನಿಯ ಪೀಟರ್ ಬ್ರೋಟ್ಸ್‌ಮನ್ ಅವರ 1968ರ 'ಮಷೀನ್ ಗನ್' ಧ್ವನಿಮುದ್ರಿಕೆಯಲ್ಲಿ ಕೇಳಿಬರುವ ಅಬ್ಬರದಲ್ಲಿ ಅವರ ಪಾಲೂ ದೊಡ್ಡದು.

ಇದಕ್ಕೆ ಎದುರಾಗಿ ಮೆಂಗೆಲ್‌ಬರ್ಗ್. ಬಾಯಲ್ಲಿ ಸಿಗರೇಟು, ಮುಖದಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲದಂಥ ಭಾವ. ಜೊತೆಗಾರ ಗುಡುಗುತ್ತಿರುವಾಗ ಇವರು ಒಂದೇ ಸ್ವರವನ್ನು ಮೆಲ್ಲಗೆ ಒತ್ತುತ್ತ ಕೂರುವರು, ಇಲ್ಲವೆ ಏನನ್ನೂ ನುಡಿಸದೆ ಸುಮ್ಮನಾಗುವರು. ಸಂಗೀತವು ಒಂದು ಘಟ್ಟವನ್ನು ಮುಟ್ಟಿ ಕೇಳುಗರು ಮೈಮರೆಯುವ ಹೊತ್ತಿಗೆ ಮಕ್ಕಳ ಹಾಡಿನಂಥ ಬಾಲಿಶ ಧಾಟಿಯೊಂದನ್ನು ತಂದು ಎಲ್ಲವನ್ನೂ ಕೆಡಿಸುವರು. ಮೇಲುನೋಟಕ್ಕೆ ಇದು ಕೀಟಲೆ. ಆದರೆ ಮೆಂಗೆಲ್‌ಬರ್ಗ್ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಿದ್ದುದು ಕೌಂಟರ್‌ಪಾಯಿಂಟ್ ಶಾಸ್ತ್ರವನ್ನು, ಅಂದರೆ ಎರಡು ಅಥವಾ ಹೆಚ್ಚು ಸ್ವತಂತ್ರ ಸ್ವರಧಾರೆಗಳು ತಂತಮ್ಮ ಚಲನೆಯನ್ನು ಬಿಟ್ಟುಕೊಡದೆ ಒಟ್ಟಿಗೆ ಸಾಗುವ ಕ್ರಮವನ್ನು ಎಂಬುದನ್ನು ಗಮನಿಸಿದರೆ ಕೀಟಲೆಯ ಹಿಂದಿನ ಶಿಸ್ತು ಕಾಣುತ್ತದೆ. ಆ ಶಾಸ್ತ್ರದ ತತ್ತ್ವವನ್ನು ಅವರು ಸ್ವರಗಳಿಂದ ಬಿಡಿಸಿ ವರ್ತನೆಗೆ ಅನ್ವಯಿಸಿದರು. ಒಬ್ಬನು ಗಟ್ಟಿ, ಇನ್ನೊಬ್ಬನು ಮೌನ. ಒಬ್ಬನಿಗೆ ಉತ್ಸಾಹ, ಇನ್ನೊಬ್ಬನಿಗೆ ಬೇಸರ. ಒಬ್ಬರನ್ನೊಬ್ಬರು ಅನುಸರಿಸುವುದನ್ನೇ ಸಹವಾದನದ ಗುಣವೆಂದು ತಿಳಿದವರಿಗೆ ಇದು ಅಪಸ್ವರವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಯಾರೂ ಯಾರಿಗೂ ಪಕ್ಕವಾದ್ಯದವರಲ್ಲ. ನಮ್ಮ ಜುಗಲ್‌ಬಂದಿಗಳಲ್ಲಿ ಕೊನೆಗೆ ಬರಲೇಬೇಕಾದ ಸಮಾಗಮವೂ ಇಲ್ಲಿ ಖಚಿತವಲ್ಲ.

ಬರ್ಲಿನ್ನಿನಲ್ಲಿ ಮುದ್ರಿತವಾದ 1974ರ ಜೋಡಿವಾದನದ ಧ್ವನಿಮುದ್ರಿಕೆಗೆ ಅವರು ಇಟ್ಟ ಹೆಸರು 'ಒಂದು ಆಟ ಟೇಬಲ್ ಟೆನಿಸ್' ಎಂಬರ್ಥದ ಜರ್ಮನ್ ಪದಗಳನ್ನು ಬಿಡುವಿಲ್ಲದೆ ಕೂಡಿಸಿದ್ದು. ಎದುರಾಳಿಯಿಲ್ಲದೆ ಆಟವಿಲ್ಲ ಎಂಬುದರ ಸೂಚನೆಯಾಗಿ ಇದನ್ನು ಓದಬಹುದು. 1971ರ ಐಸಿಪಿ 010 ಮತ್ತು 1977ರ 'ಮಿಡ್‌ವೌಡ್ 77' ಇದೇ ಜೋಡಿಯ ಇತರ ಮುಖ್ಯ ಮುದ್ರಣಗಳು. ಈ ಮೂರರಲ್ಲಿ ಮೊದಲಿಗೆ ಯಾವುದನ್ನು ಕೇಳಬೇಕೆಂದು ಯಾರಾದರೂ ಕೇಳಿದರೆ ಬರ್ಲಿನ್ನಿನದನ್ನೇ ಸೂಚಿಸಬೇಕಾಗುತ್ತದೆ.

ಗ್ರಂಥಾಲಯಗಳಿಗೆ ಇಕ್ಕಟ್ಟನ್ನು ತರುವಂಥದು ಐಸಿಪಿ 015. ಅದರ ಒಂದು ಬದಿಯಲ್ಲಿ, ಹಿಲ್ವರ್ಸಮ್ ಮುದ್ರಣದ ಹಿಂದಿನ ದಿನ, ಅಂದರೆ 1964ರ ಜೂನ್ 1ರಂದು ಐಂಡ್‌ಹೋವನ್ ನಗರದಲ್ಲಿ ಡಾಲ್ಫಿಯವರೊಡನೆ ನುಡಿಸಿದ ಮಾಂಕ್ ಅವರ ರಚನೆಯೊಂದಿದೆ. ಇನ್ನೊಂದು ಬದಿಯಲ್ಲಿ 1972ರಲ್ಲಿ ಮೆಂಗೆಲ್‌ಬರ್ಗ್ ತಮ್ಮ ಮನೆಯ ಗಿಳಿಯೊಂದಿಗೆ ನಡೆಸಿದ ಜೋಡಿವಾದನವಿದೆ. ಗಿಳಿಯ ಹೆಸರು ಏಕೋ. ಅದು ಸಿಳ್ಳೆ ಹಾಕುತ್ತದೆ, ಇವರು ಪಿಯಾನೊದಲ್ಲಿ ಉತ್ತರಿಸುತ್ತಾರೆ. ಅಕಾಲ ಮರಣಕ್ಕೆ ತುತ್ತಾದ ಮಹಾವಾದಕನ ಅಪೂರ್ವ ಮುದ್ರಣದ ಬೆನ್ನಿಗೆ ಗಿಳಿಯನ್ನು ಕೂರಿಸಿದ್ದು ಅಗೌರವವೆ? ಸ್ಮಾರಕ ಕಟ್ಟುವ ಪ್ರವೃತ್ತಿಯ ವಿರುದ್ಧ ಮೆಂಗೆಲ್‌ಬರ್ಗ್ ಹೂಡಿದ ವಾದವೆಂದು ನಾನು ಅದನ್ನು ಗ್ರಹಿಸುತ್ತೇನೆ. ಸೂಚಿಯನ್ನು ಸಿದ್ಧಪಡಿಸುವವರು ಏಕೋವನ್ನು ಕಲಾವಿದರ ಪಟ್ಟಿಗೆ ಸೇರಿಸುವರೋ ಇಲ್ಲವೋ ಎಂಬುದು ಬೇರೆ ಮಾತು.

ಸಂಸ್ಥೆಗಳೊಂದಿಗಿನ ಇವರ ಸಂಬಂಧ ಇಷ್ಟೇ ಸಂಕೀರ್ಣವಾದುದು. 1969ರ ಜೂನ್‌ನಲ್ಲಿ ಮೆಂಗೆಲ್‌ಬರ್ಗ್, ಆಂದ್ರೀಸೆನ್, ಸ್ಖಾಟ್, ರೇನ್‌ಬರ್ಟ್ ದ ಲೇವ್ ಮತ್ತು ಯಾನ್ ಫಾನ್ ವ್ಲೇಮನ್ ಈ ಐವರು ಕೂಡಿ ಚೆ ಗೆವಾರಾ ಅವರನ್ನು ಕೇಂದ್ರವಾಗಿರಿಸಿಕೊಂಡ 'ರೆಕನ್‌ಸ್ಟ್ರಕ್ಸಿ' ಎಂಬ ಸಂಗೀತನಾಟಕವನ್ನು ರಂಗಕ್ಕೆ ತಂದರು. ಅದೇ ವರ್ಷ ನವೆಂಬರ್ 17ರಂದು ಇದೇ ಗುಂಪು ಸಂಗಡಿಗರೊಂದಿಗೆ ಕಾನ್ಸರ್ಟ್‌ಖೆಬೌ ಸಭಾಂಗಣಕ್ಕೆ ನುಗ್ಗಿ, ಬರ್ನಾರ್ಡ್ ಹೈಟಿಂಕ್ ನಿರ್ದೇಶಿಸುತ್ತಿದ್ದ ಕಚೇರಿಯನ್ನು ಮಕ್ಕಳ ಆಟಿಕೆಯ ತಗಡಿನ ಕಪ್ಪೆಗಳ ಕಟಕಟ ಸದ್ದಿನಿಂದಲೂ ಸೈಕಲ್ಲಿನ ಪೀಪಿಗಳಿಂದಲೂ ತಡೆಯಿತು. ವಾದ್ಯವೃಂದವು ಹೊಸ ಸಂಗೀತವನ್ನು ನಿರ್ಲಕ್ಷಿಸುತ್ತಿದೆ, ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ಸಾರ್ವಜನಿಕ ಚರ್ಚೆಗೆ ಒಳಪಡಬೇಕು ಎಂಬುದು ಅವರ ಒತ್ತಾಯ. 'ನೋಟನ್‌ಕ್ರಾಕರ್' ಚಳುವಳಿ ಎಂದು ಹೆಸರಾದ ಈ ಪ್ರತಿಭಟನೆಯಲ್ಲಿ ತಗಡಿನ ಕಪ್ಪೆ ಒತ್ತಿದವರ ಸಂಗಡ ಇದ್ದಾತನ ಮನೆತನದವರೊಬ್ಬರು ಅದೇ ವಾದ್ಯವೃಂದವನ್ನು ಐವತ್ತು ವರ್ಷ ಆಳಿದ್ದರೆಂಬುದು ಚರಿತ್ರೆಯ ವ್ಯಂಗ್ಯ.

ಪ್ರತಿಭಟನೆಯ ಫಲ ನಿಧಾನವಾಗಿ ದೊರೆಯಿತು. ಎಲೆಕ್ಟ್ರಾನಿಕ್ ವಾದ್ಯಗಳ ಪ್ರಯೋಗಕ್ಕಾಗಿ 1969ರಲ್ಲಿ ಸ್ಥಾಪಿತವಾದ ಸ್ಟೀಮ್ ಕೇಂದ್ರದ ಸ್ಥಾಪಕರಲ್ಲಿ ಮೆಂಗೆಲ್‌ಬರ್ಗ್ ಒಬ್ಬರು. 1971ರಲ್ಲಿ ಮುಕ್ತ ಸಂಗೀತದ ವೃತ್ತಿಪರರ ಸಂಘವಾದ ಬಿಮ್ ಹುಟ್ಟಿತು. ಅದರ ಹೋರಾಟದಿಂದಾಗಿ 1974ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಔಡೆ ಸ್ಖಾನ್ಸ್ ಕಾಲುವೆಯ ದಡದಲ್ಲಿ ಬಿಮ್‌ಹೌಸ್ ಎಂಬ ಕಚೇರಿಮನೆ ತೆರೆಯಿತು. ಅದು 2005ರಲ್ಲಿ ಬಂದರಿನ ಬಳಿಯ ಹೊಸ ಭವ್ಯ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಅನುದಾನ ವ್ಯವಸ್ಥೆಯ ವಿರುದ್ಧ ಎದ್ದವರು ಅನುದಾನ ಪಡೆಯುವವರಾದರು ಎಂದು ಇದನ್ನು ಆಡಿಕೊಳ್ಳುವವರಿದ್ದಾರೆ. ಈ ಟೀಕೆ ಪೂರ್ಣ ನ್ಯಾಯವಾದುದಲ್ಲ. ಅನುದಾನವೇ ಬೇಡವೆಂಬುದು ಅವರ ಬೇಡಿಕೆಯಾಗಿರಲಿಲ್ಲ. ಅದರ ಹಂಚಿಕೆಯನ್ನು ಅವರು ಪ್ರಶ್ನಿಸಿದ್ದರು. ಆದರೆ ಸರ್ಕಾರದ ಒಲವನ್ನು ಆಧರಿಸಿದ ಕಲೆಗೆ ಆ ಒಲವು ಬದಲಾದಾಗ ಒದಗುವ ಕಷ್ಟವನ್ನು ಅಲ್ಲಗಳೆಯಲಾಗದು. 2013ರಿಂದ ಜಾರಿಗೆ ಬಂದಂತೆ ನೆದರ್‌ಲ್ಯಾಂಡ್ಸ್ ಸರ್ಕಾರವು ಸಂಸ್ಕೃತಿಯ ಬಾಬಿನಲ್ಲಿ ಸುಮಾರು 20 ಕೋಟಿ ಯೂರೊಗಳನ್ನು ಕಡಿತಗೊಳಿಸಿದಾಗ ಸಣ್ಣ ತಂಡಗಳಿಗೆ ಬಿದ್ದ ಪೆಟ್ಟು ದೊಡ್ಡದು.

1970ರ ದಶಕದ ಉತ್ತರಾರ್ಧದಿಂದ ಜೋಡಿಯ ಸುತ್ತ ಸುಮಾರು ಹತ್ತು ಮಂದಿಯ ಐಸಿಪಿ ವಾದ್ಯವೃಂದ ಬೆಳೆಯಿತು. 1977ರ 'ಟೆಟರೆಟೆಟ್' ಅದರ ಆರಂಭದ ಮುದ್ರಣಗಳಲ್ಲಿ ಒಂದು. ಇಲ್ಲಿ ಮೆಂಗೆಲ್‌ಬರ್ಗ್ ಬರೆದ ಸಂಗೀತವೂ ಸೇರಿತು. ಮಾಂಕ್, ನಿಕೋಲ್ಸ್, ಎಲಿಂಗ್ಟನ್ ಅವರ ರಚನೆಗಳೂ ಬಂದವು. ಹರ್ಬಿ ನಿಕೋಲ್ಸ್ 1963ರಲ್ಲಿ ಹೆಚ್ಚು ಮನ್ನಣೆ ಕಾಣದೆ ತೀರಿಕೊಂಡ ಪಿಯಾನೊವಾದಕ. ಅವರ ರಚನೆಗಳನ್ನು ಸ್ಟೀವ್ ಲೇಸಿ, ರಾಸ್‌ವೆಲ್ ರಡ್ ಮುಂತಾದವರೊಡನೆ ಈ ಜೋಡಿ 1980ರ ದಶಕದಲ್ಲಿ ನುಡಿಸಿದ್ದರಿಂದ ನಿಕೋಲ್ಸ್ ಅವರ ಹೆಸರು ಮತ್ತೆ ಚಲಾವಣೆಗೆ ಬಂದಿತು. ಹಳೆಯದನ್ನೆಲ್ಲ ತೊರೆದವರು ಎಂದು ಹೆಸರಾದವರಿಂದ ಇಂಥ ಜೀರ್ಣೋದ್ಧಾರದ ಕೆಲಸ ನಡೆಯಿತೆಂಬುದು ಗಮನಾರ್ಹ. ಬರೆದ ಸಂಗೀತ ಬಂದ ಮಾತ್ರಕ್ಕೆ ತತ್‌ಕ್ಷಣತೆ ಕೈತಪ್ಪಲಿಲ್ಲ. ಮೆಂಗೆಲ್‌ಬರ್ಗ್ ಸಣ್ಣ ಸಣ್ಣ ಸ್ವರತುಣುಕುಗಳನ್ನು ಬರೆದು ವಾದಕರ ಕೈಗೆ ಕೊಡುತ್ತಿದ್ದರು. ಅವುಗಳನ್ನು ಅವರು 'ವೈರಸ್' ಎಂದು ಕರೆದರು. ನಡೆಯುತ್ತಿರುವ ಯಾವ ಕೃತಿಯ ನಡುವೆ ಬೇಕಾದರೂ ಒಬ್ಬ ವಾದಕ ತನ್ನಲ್ಲಿರುವ ತುಣುಕನ್ನು ಹೊರಬಿಡಬಹುದು. ಉಳಿದವರಿಗೆ ಅದು ಅಂಟಬಹುದು, ಅಂಟದೆಯೂ ಹೋಗಬಹುದು. ಅಧಿಕಾರ ನಿರ್ದೇಶಕನ ಕೋಲಿನಿಂದ ಇಳಿದು ಹತ್ತು ಮಂದಿಗೂ ಹಂಚಿಹೋಗುವ ಈ ಏರ್ಪಾಡು, ವಿಲ್ಲೆಮ್ ಮೆಂಗೆಲ್‌ಬರ್ಗ್ ಅವರ ಮನೆತನದವನು ವಾದ್ಯವೃಂದವೆಂಬ ಸಂಸ್ಥೆಗೆ ಕೊಟ್ಟ ಉತ್ತರ.

2012ರಲ್ಲಿ, ಸಂಘಟನೆಗೆ 45 ವರ್ಷ ತುಂಬಿದಾಗ, ಅದುವರೆಗಿನ ಧ್ವನಿಮುದ್ರಿಕೆಗಳೆಲ್ಲವನ್ನೂ 52 ಸಿ.ಡಿ. ಮತ್ತು 2 ಡಿ.ವಿ.ಡಿ.ಗಳ ಪೆಟ್ಟಿಗೆಯಾಗಿ ಹೊರತರಲಾಯಿತು. ಪೆಟ್ಟಿಗೆಗಳಿಗೆ ಬೆನ್ನಿಂಕ್ ಕೈಯಿಂದ ಬಣ್ಣ ಹಚ್ಚಿದರು. ಗಾಳಿಯಲ್ಲಿ ಲೀನವಾಗಬೇಕಾಗಿದ್ದ ಸಂಗೀತ ಹೀಗೆ ಕಪಾಟು ಸೇರಿತು. ಆ ವೇಳೆಗೆ ಮೆಂಗೆಲ್‌ಬರ್ಗ್ ಅವರಿಗೆ ಮರೆವಿನ ಕಾಯಿಲೆ ಆವರಿಸಿತ್ತು. ಚೆರಿ ಡೌನ್ಸ್ ಅವರ 2013ರ ಸಾಕ್ಷ್ಯಚಿತ್ರ 'ಮೀಶಾ ಎನ್‌ಜೋವೋರ್ಟ್' ಈ ಕಾಲದ ಮೆಂಗೆಲ್‌ಬರ್ಗ್ ಅವರನ್ನು ಕುರಿತದ್ದು. ಹೆಸರಿನ ಅರ್ಥ 'ಮೀಶಾ ಇತ್ಯಾದಿ'. ಕ್ಷಣವನ್ನೇ ನೆಚ್ಚಿ ಬಾಳಿದ ಕಲಾವಿದನಿಂದ ನೆನಪು ಜಾರಿದಾಗ ಉಳಿಯುವುದು ಏನು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಅಷ್ಟಕ್ಕೂ ತತ್‌ಕ್ಷಣ ರಚನೆ ನೆನಪಿಲ್ಲದೆ ನಡೆಯುವ ಕೆಲಸವಲ್ಲ. ಈಗ ನುಡಿಸಿದ್ದನ್ನು ನೆನಪಿಟ್ಟುಕೊಳ್ಳದವನು ಅದನ್ನು ಕೆಡಿಸಲಾರ, ಮುಂದುವರಿಸಲೂ ಆರ.

ಅವರು ವರ್ಷಾನುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ಪೂರ್ಣಗೊಳಿಸದೆ ಬಿಟ್ಟಿದ್ದ 'ಕುಯೆನ್', ಅಂದರೆ 'ಹಸುಗಳು', ಎಂಬ ಸಂಗೀತನಾಟಕವನ್ನು ಪಿಯಾನೊವಾದಕ ಗೂಸ್ ಯಾನ್ಸೆನ್ ಮತ್ತು ಚೆರಿ ಡೌನ್ಸ್ ಉಳಿದಿದ್ದ ಸಾಮಗ್ರಿಯಿಂದ ಸಿದ್ಧಪಡಿಸಿ 2015ರಲ್ಲಿ ಪ್ರದರ್ಶನಕ್ಕೆ ತಂದರು. ಮೆಂಗೆಲ್‌ಬರ್ಗ್ 2017ರ ಮಾರ್ಚ್ 3ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದರು. ಐಸಿಪಿ ವಾದ್ಯವೃಂದ ಅನಂತರವೂ ಬೆನ್ನಿಂಕ್ ಅವರೊಡನೆ ಕಚೇರಿಗಳನ್ನು ಮುಂದುವರಿಸಿತು. ಪಿಯಾನೊದ ಮುಂದೆ ಗೂಸ್ ಯಾನ್ಸೆನ್ ಕುಳಿತರು.